ಅಳಿಯನನ್ನೇ ತೆಗೆದ ಮ್ಯಾನೇಜರ್

ಮದುವೆಯಾದ ಮೊದಲ ದೀಪಾವಳಿಗೆ ಅಳಿಯನಿಗೆ ಮಾವನ ಮನೆಯಲ್ಲಿ ಏನೇನು ಸಿಗುತ್ತದೆ ಎಂದು ನಮ್ಮ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಎಣ್ಣೆ ಸ್ನಾನ, ಹೊಸ ಬಟ್ಟೆ, ಹೋಳಿಗೆ ಮೇಲೆ ಬೇಡವೆಂದರೂ ಬೀಳುವ ತುಪ್ಪ. ನನಗೂ ಇವೆಲ್ಲ ಸಿಕ್ಕವು. ಎರಡನೇ ಹೋಳಿಗೆ ಮುರಿಯುತ್ತಿದ್ದಾಗ ಇನ್ನೊಂದೂ ಸಿಕ್ಕಿತು.

"ಅಳಿಯಂದ್ರೇ, ನಾಳೆಯಿಂದ ನೀವು ಟೀಮಲ್ಲಿಲ್ಲ," ಎಂದರು ಮಾವ.

ತುಪ್ಪದ ಸೌಟು ಹಿಡಿದಿದ್ದ ಅತ್ತೆಯ ಕೈ ಅಲ್ಲೇ ನಿಂತಿತು. ನನ್ನ ಹೆಂಡತಿ "ಅಪ್ಪಾ, ಹಬ್ಬದ ದಿನ ಕಣಪ್ಪ!" ಎಂದಳು. ನನಗೆ ಬಾಯಲ್ಲಿದ್ದ ತುತ್ತು ನುಂಗಬೇಕೋ ಉಗಿಯಬೇಕೋ ತಿಳಿಯಲಿಲ್ಲ.

ಟೀಮು ಎಂದರೆ ಕಡೂರಿನ ನಮ್ಮ ಬ್ಯಾಸ್ಕೆಟ್‌ಬಾಲ್ ಟೀಮು. ಸೋಲುವುದರಲ್ಲಿ ನಮ್ಮನ್ನು ಸೋಲಿಸುವವರು ಇರಲಿಲ್ಲ. ಅಜ್ಜಂಪುರದವರ ಕೈಲಿ ಸೋತೆವು, ತರೀಕೆರೆಯವರ ಕೈಲಂತೂ ಹೋದಾಗಲೆಲ್ಲ ಸೋತೆವು. ಕಾರಣ ಊರಿಗೆಲ್ಲ ಗೊತ್ತಿತ್ತು. ಹಿಂದೆ ಅಂಕಣ ಕಟ್ಟುವಾಗ ಒಂದು ಮನೆಯವರು ಕಂಬ ಕೊಟ್ಟಿದ್ದರು, ಒಬ್ಬರು ಸಿಮೆಂಟು ಹಾಕಿಸಿದ್ದರು, ಒಬ್ಬರು ಲೈಟು ಕೊಟ್ಟಿದ್ದರು. ಆವತ್ತಿನಿಂದ ಆ ಮನೆಗಳಿಂದ ಒಬ್ಬೊಬ್ಬರು ಆಡಲೇಬೇಕು ಎಂಬುದು ಪದ್ಧತಿಯಾಗಿತ್ತು. ಲೈಟು ಕೊಟ್ಟ ಮನೆಯವನು ಚೆಂಡು ಬಂದರೆ ಕಣ್ಣು ಮುಚ್ಚುತ್ತಿದ್ದ. ಆದರೂ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ನಾನೊಬ್ಬನೇ ಆಟದ ಬಲದ ಮೇಲೆ ಟೀಮಿನೊಳಗೆ ಬಂದವನು. ನಮ್ಮ ಮನೆಯಿಂದ ಅಂಕಣಕ್ಕೆ ಒಂದು ಬೋಲ್ಟೂ ಹೋಗಿರಲಿಲ್ಲ.

ಮಾವನದು ತೆಂಗಿನಕಾಯಿ ಮಂಡಿ. ಆಟ ಆಡಿದವರಲ್ಲ, ಆದರೆ ಒಂದು ಮ್ಯಾಚೂ ತಪ್ಪಿಸಿದವರಲ್ಲ. ಊರ ಹಿರಿಯರು ಅವರನ್ನು ಟೀಮಿನ ಮ್ಯಾನೇಜರ್ ಮಾಡಿದಾಗ ನಾನು ಎದೆಯುಬ್ಬಿಸಿ ಓಡಾಡಿದೆ. ಇನ್ನು ನನ್ನ ಜಾಗಕ್ಕೆ ಮೊಳೆ ಹೊಡೆದ ಹಾಗೆ ಎಂದುಕೊಂಡೆ. ಈಗ ಆ ಮೊಳೆ ಕಿತ್ತವರು ಅವರೇ.

"ನನ್ನ ಆಟ ಸರಿಯಿಲ್ವಾ ಮಾವ?" ಎಂದು ಕೇಳಿದೆ.

"ಚೆನ್ನಾಗೈತೆ. ಅದಕ್ಕೇ ಮೊದ್ಲು ನಿಮ್ಮನ್ನೇ ತೆಗ್ದಿದ್ದು. ಚೆನ್ನಾಗಿ ಆಡೋ ಅಳಿಯನ್ನೇ ತೆಗ್ದ್ ಮೇಲೆ ನನ್ ಮಗನ್ನ ಯಾಕ್ ತೆಗ್ದೆ ಅಂತ ಯಾವ್ ಮನೆಯೋರು ಕೇಳ್ತಾರೆ? ಕಂಬ ಕೊಟ್ಟೋರು ಕಂಬ ಕೊಟ್ರು, ಕಾಲು ಕೊಡ್ಲಿಲ್ಲ."

"ಅಂದ್ರೆ ನಾನು ಹೊರಗೆ."

"ಹೊರಗಲ್ಲ. ಎಲ್ರ ಜಾಗಾನೂ ಖಾಲಿ ಮಾಡ್ಸಿದೀನಿ. ಆಡೋರು ಬೆಳಿಗ್ಗೆ ಆರಕ್ಕೆ ಬಂದು ಸಾಲಲ್ಲಿ ನಿಂತ್ಕೊಳ್ಳಲಿ."

ಅಳಿಯ ಅಲ್ಲ, ಮಗಳ ಗಂಡ ಎಂದ ಹಾಗಾಯಿತು. ಎಲೆ ಬಿಟ್ಟು ಎದ್ದೆ. ಹೊಸ ಬಟ್ಟೆಯಲ್ಲೇ ಕೈ ಒರೆಸಿಕೊಂಡೆ. ಮುನಿಸಿಕೊಂಡ ಅಳಿಯನನ್ನು ಕರೆಯಲು ಮಾವ ಹಣ್ಣು ಹಿಡಿದು ಬರಬೇಕು, ಅದು ಲೋಕರೂಢಿ. ಅವರು ಬರಲಿಲ್ಲ. ಬೀದಿಯಲ್ಲಿ ಸಿಕ್ಕವರೆಲ್ಲ "ಏನಪ್ಪಾ, ಮಾವನೇ ಕೈ ಬಿಟ್ನಂತೆ?" ಎಂದು ಕೆಣಕಿದರು. ಆದರೆ ಮಾವ ಹೇಳಿದ್ದೇ ಆಯಿತು. ಕಂಬದ ಮನೆ, ಸಿಮೆಂಟಿನ ಮನೆ, ಲೈಟಿನ ಮನೆ, ಎಲ್ಲರ ಬಾಯಿಗೂ ಬೀಗ ಬಿತ್ತು. ಖಾಲಿಯಾದ ಜಾಗಗಳಿಗೆ ಬುಕ್ಕಾಂಬುಧಿಯಿಂದ ಒಬ್ಬ ಕರೆಂಟಿನ ಲೈನ್‌ಮನ್ ಬಂದ, ಲಿಂಗದಹಳ್ಳಿಯಿಂದ ಅಣ್ಣತಮ್ಮಂದಿರಿಬ್ಬರು ಬಂದರು.

ನಮ್ಮ ಮನೆ ಇರುವುದು ಅಂಕಣದ ಪಕ್ಕದಲ್ಲೇ. ಬೆಳಿಗ್ಗೆ ಚೆಂಡು ಪುಟಿಯುವ ಸದ್ದು ಹಾಸಿಗೆಯವರೆಗೂ ಬರುತ್ತಿತ್ತು. ಮುಸುಕು ಹೊದ್ದು ಮಲಗಿದರೂ ಕೇಳುತ್ತಿತ್ತು. ಮಾವನ ಮೇಲಿನ ಸಿಟ್ಟು ಒಂದು ಕಡೆ, ಆಡದೆ ಕೈ ಒಣಗಿದ ಸಂಕಟ ಒಂದು ಕಡೆ. ಕೊನೆಗೆ ಒಂದು ದಿನ ಹೆಂಡತಿಯೇ ಶೂ ತಂದು ಮುಂದಿಟ್ಟಳು. "ಹೋಗ್ರೀ, ಗೋಡೆ ನೋಡ್ಕೊಂಡು ಎಷ್ಟು ದಿನ ಮಲಗ್ತೀರಾ?"

ಹೋಗಿ ಸಾಲಿನ ಕೊನೆಯಲ್ಲಿ ನಿಂತೆ. ಮಾವ ತಲೆ ಎತ್ತಲಿಲ್ಲ. ಬೇರೆಯವರಿಗೆಲ್ಲ "ಲೇ, ಓಡೋ", "ಲೇ, ಕಣ್ಣೆಲ್ಲೈತೋ" ಎನ್ನುತ್ತಿದ್ದವರು ನನಗೆ ಮಾತ್ರ "ಅಳಿಯಂದ್ರು ಸ್ವಲ್ಪ ಪಕ್ಕಕ್ಕೆ ಬನ್ನಿ" ಎನ್ನುತ್ತಿದ್ದರು. ಆ ಮರ್ಯಾದೆ ಮೈಗೆ ಮುಳ್ಳಾಯಿತು. ಬೈಸಿಕೊಳ್ಳುವವರು ಆಡುತ್ತಿದ್ದರು, ಬಹುವಚನದವನು ಬೆಂಚಿನ ತುದಿಯಲ್ಲಿದ್ದ.

ತರೀಕೆರೆಯಲ್ಲಿ ಟೂರ್ನಮೆಂಟು. ಅವರ ಮೇಲೆಯೇ ಮ್ಯಾಚು. ನಮ್ಮ ಬೀಗರು, ನೆಂಟರು ಎಲ್ಲ ಬಂದು ಕೂತಿದ್ದರು. ಕೊನೆಯ ಕ್ವಾರ್ಟರಿನವರೆಗೆ ಸಮಸಮ. ಅಷ್ಟರಲ್ಲಿ ಲಿಂಗದಹಳ್ಳಿಯ ಅಣ್ಣ ಕಾಲು ಉಳುಕಿಸಿಕೊಂಡು ಕುಂಟುತ್ತ ಹೊರಬಂದ. ನಾನು ಶೂ ದಾರ ನೋಡುತ್ತ ಕೂತಿದ್ದೆ. ಹೇಗೂ ಕರೆಯುವುದಿಲ್ಲ ಎಂದು ನನ್ನ ಎಣಿಕೆ.

"ಲೇ! ಏಳೋ ಮೇಲೆ! ಮದ್ವೆಗ್ ಬಂದಿದೀಯೇನೋ?"

ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ. ನೆಂಟರ ಸಾಲಿನಲ್ಲಿ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ಹೆಣ್ಣು ಕೊಟ್ಟ ಮಾವ ಅಳಿಯನಿಗೆ ಊರೆದುರು 'ಲೇ' ಅನ್ನುವುದೆಂದರೆ! ನಾನೂ ಬೆಚ್ಚಿಬಿದ್ದೆ. ಮರುಕ್ಷಣವೇ ಅಂಕಣದಲ್ಲಿದ್ದೆ. ಎದ್ದದ್ದು ಯಾವಾಗ, ಓಡಿದ್ದು ಯಾವಾಗ, ಇವತ್ತಿಗೂ ನೆನಪಿಲ್ಲ. ಕೊನೆಯಲ್ಲಿ ಚೆಂಡು ನನ್ನ ಕೈಗೆ ಬಂತು, ಇಬ್ಬರು ಮೈಮೇಲೆ ಬಿದ್ದರು, ಲೈನ್‌ಮನ್‌ಗೆ ಕೊಟ್ಟೆ. ಅವನು ಹಾಕಿದ. ತರೀಕೆರೆಯವರ ಮೇಲೆ ಗೆದ್ದೆವು. ಸುಮ್ಮನೆ ನಿಂತು ಅತ್ತುಬಿಟ್ಟೆ.

ವಾಪಸು ಬರುವಾಗ ಬಸ್ಸಿನಲ್ಲಿ ಮಾವ ಪಕ್ಕಕ್ಕೆ ಸರಿದು ಜಾಗ ಮಾಡಿದರು. "ಅಳಿಯಂದ್ರೇ, ಬನ್ನಿ, ಕಿಟಕಿ ಪಕ್ಕ ಕೂತ್ಕೊಳ್ಳಿ. ಸುಸ್ತಾಗೈತೆ."

ಹಿಂದೆ ಇಷ್ಟು ಮೃದುವಾಗಿ ಅವರು ಮಾತಾಡಿದ್ದು ಆ ದೀಪಾವಳಿಯ ದಿನ. ಕೂತೆ, ಆದರೆ ಕಿಟಕಿಯಾಚೆ ಏನೂ ಕಾಣಲಿಲ್ಲ. ಬೀರೂರು ದಾಟುವ ಹೊತ್ತಿಗೆ ತಡೆಯಲಾರದೆ ಕೇಳಿಯೇಬಿಟ್ಟೆ.

"ಮಾವ, ನನ್ನ ಮತ್ತೆ ತೆಗ್ದ್ರಾ?"

ಅವರು ಕಣ್ಣು ಮುಚ್ಚಿಕೊಂಡೇ ಇದ್ದರು. "ನಾಳೆ ಆರಕ್ಕೆ ಬರ್ದೇ ಇದ್ರೆ ನೋಡ್ಲೇ, ಆಗ ತೆಗೀತೀನಿ," ಎಂದು ನನ್ನ ಹೆಗಲಿಗೇ ತಲೆ ಆನಿಸಿ ನಿದ್ದೆ ಹೋದರು. ಕಡೂರು ಬರುವವರೆಗೆ ನಾನು ಹೆಗಲು ಅಲುಗಿಸಲಿಲ್ಲ.