ಕೇಳಿದ್ರಾ ಸಾಹೇಬರ ಮಂಡಿ ನೋವು

ನಮ್ಮ ಪುರಸಭೆಯ ಉಪಾಧ್ಯಕ್ಷರಿಗೆ ಊರವರು ಇಟ್ಟ ಹೆಸರು ‘ಕೇಳಿದ್ರಾ ಸಾಹೇಬರು’. ಚರಂಡಿ ತೋಡಿಸಬೇಕಿರಲಿ, ದೀಪದ ಕಂಬ ನೆಡಬೇಕಿರಲಿ, ಬೀದಿನಾಯಿಗಳಿಗೆ ಸೂಜಿ ಚುಚ್ಚಿಸಬೇಕಿರಲಿ, ಅವರ ಬಾಯಲ್ಲಿ ಒಂದೇ ಮಾತು: “ಫಾದರನ್ನ ಒಂದ್ಮಾತು ಕೇಳಿದ್ರಾ?” “ಚರಂಡಿಗೂ ಫಾದರಿಗೂ ಏನ್ ಸಾರ್ ಸಂಬಂಧ?” ಎಂದು ಇಂಜಿನಿಯರು ಗೊಣಗಿದರೆ, “ನೀರು ಹರಿಯೋದು ದೇವರ ದಯೆಯಿಂದ ಕಣಯ್ಯಾ, ನಿನ್ನ ಪೈಪಿಂದಲ್ಲ” ಎಂದು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಫೈಲು ಮುಚ್ಚಿಬಿಡುತ್ತಾರೆ. ಫಾದರಂತೂ ಇವರ ಸ್ಕೂಟರಿನ ಸದ್ದು ಕೇಳಿದರೆ ಸಾಕು, ಹಿತ್ತಿಲ ಬಾಗಿಲಿನಿಂದ ಜಾಗ ಖಾಲಿ ಮಾಡುತ್ತಾರೆ. ಭಾನುವಾರದ ಪೂಜೆಯಲ್ಲಿ ಇವರದೇ ದರ್ಬಾರು. ತಡವಾಗಿ ಬಂದವರನ್ನು ಕಣ್ಣಲ್ಲೇ ಸುಡುತ್ತಾರೆ, ಯಾರದಾದರೂ ಮೊಬೈಲ್ ಬಡಕೊಂಡರೆ ಚರ್ಚೇ ಅದುರುವಂತೆ ಕೆಮ್ಮುತ್ತಾರೆ, ಫಾದರು ಪೀಠದ ಮುಂದೆ ನಿಂತು ಪರಮಪ್ರಸಾದದ ರೊಟ್ಟಿ ಕೊಡುವ ಹೊತ್ತಿಗೆ “ಏಳಿ, ಏಳಿ, ಸಾಲಾಗಿ ಹೋಗಿ” ಎಂದು ಓಡಾಡಿ ಬೆಂಚು ಬೆಂಚನ್ನೇ ಎಬ್ಬಿಸುತ್ತಾರೆ. ಎಲ್ಲರೂ ಎದ್ದುಹೋದ ಮೇಲೆ ಕೊನೆಯ ಬೆಂಚಿನಲ್ಲಿ ಒಬ್ಬಳೇ ಉಳಿಯುವವಳು ಇವರ ಮಗಳು. ಹೊಡೆಯುವ ಗಂಡನನ್ನು ಬಿಟ್ಟು ಇನ್ನೊಬ್ಬರನ್ನು ಮದುವೆಯಾದವಳು. ಆ ಮದುವೆಯನ್ನು ಚರ್ಚು ಒಪ್ಪಿಲ್ಲ, ಹಾಗಾಗಿ ಅವಳಿಗೆ ಪ್ರಸಾದವಿಲ್ಲ. ಸಾಹೇಬರು ಹೋಗಿ ಅವಳ ಪಕ್ಕದಲ್ಲಿ ಕೂರುತ್ತಾರೆ. “ನೀವಾದ್ರೂ ಹೋಗಿ ಅಪ್ಪಾ” ಎಂದು ಅವಳು ಪಿಸುಗುಟ್ಟಿದರೆ, “ಮಂಡಿ ನೋವು ಕಣಮ್ಮಾ, ಅಷ್ಟು ದೂರ ನಡೆಯೋಕಾಗಲ್ಲ” ಎನ್ನುತ್ತಾರೆ. ಈಗಷ್ಟೇ ಚರ್ಚನ್ನೆಲ್ಲ ಸುತ್ತಿ ಬಂದ ಮಂಡಿ ಅದು. ಈ ಒಂದು ವಿಷಯವನ್ನು ಮಾತ್ರ ಅವರು ಇವತ್ತಿನವರೆಗೆ ಯಾವ ಫಾದರನ್ನೂ ಕೇಳಿಲ್ಲ.