ಸಿಂದಗಿಯಲ್ಲಿ ಕಳಚಿದ ಹಸಿರು ಬಳೆ

ಮಕ್ಕಳೇ, ನಿಮ್ಮ ಅಕ್ಕ ಹೂವಿನ ಹಿಪ್ಪರಗಿಯ ಶಾಲೆಯಲ್ಲಿ ಬಳೆ ತೊಟ್ಟೇ ಬಾಸ್ಕೆಟ್‌ಬಾಲ್ ಆಡುತ್ತಿದ್ದಳು. ಅಲ್ಲಿ ಸೀಟಿ ಊದುತ್ತಿದ್ದ ಮಾಸ್ತರರು ಏನೂ ಅನ್ನುತ್ತಿರಲಿಲ್ಲ. ಹಾಗಾಗಿ ಸಿಂದಗಿಯ ಜಿಲ್ಲಾ ಪಂದ್ಯದ ಹಿಂದಿನ ದಿನ, ಒಳ್ಳೆಯದಾಗಲಿ ಎಂದು ನಾನೇ ಅವಳಿಗೆ ಬಿಗಿಯಾದ ಹಸಿರು ಗಾಜಿನ ಬಳೆ ಇಡಿಸಿದೆ.

ಮೈದಾನದಲ್ಲಿ ರೆಫರಿ ಅವಳ ಕೈ ನೋಡಿ ತಡೆದರು. "ಊರ ಸಾಲ್ಯಾಗ ನಡೀತೈತಿ, ಇಲ್ಲಿ ನಡಿಯಂಗಿಲ್ಲವ್ವಾ. ಬಳಿ ತಗಿ, ಇಲ್ಲಾಂದ್ರ ಹೊರಗ ಕುಂದ್ರು."

ಅವಳು ನನ್ನತ್ತ ಓಡಿ ಬಂದಳು. "ಕಲ್ಲಿಗೆ ಬಡದು ಒಡಿತೇನಿ ಆಯಿ, ಆಟ ಶುರು ಆಗಾಕತ್ತೈತಿ."

ನಿಮ್ಮ ಅಜ್ಜ ತೀರಿದ ದಿನ ನನ್ನ ಬಳೆಗಳನ್ನು ಹಾಗೆಯೇ ಕಲ್ಲಿಗೆ ಬಡಿದು ಒಡೆದಿದ್ದರು. ನಾಲ್ಕು ಜನರೆದುರು ಬಾಯಿ ಬಿಡದ ನಾನು ರೆಫರಿಗೆ ಕೈಮುಗಿದೆ. "ಐದು ನಿಮಿಷ ತಡೀರಿ ಸಾಹೇಬ್ರ, ಒಡಿಯೂದು ಬ್ಯಾಡ್ರಿ."

ಅವರು ಗಡಿಯಾರ ನೋಡಿ, "ಎರಡು ನಿಮಿಷ" ಎಂದರು.

ನಳದ ಕೆಳಗೆ ಸೋಪು ಹಚ್ಚಿ ಒಂದೊಂದೇ ಬಳೆ ಜಾರಿಸಿದೆ. ಕೊನೆಯದು ಹೆಬ್ಬೆರಳ ಬುಡದಲ್ಲಿ ಸಿಕ್ಕಿಕೊಂಡಿತು. "ಕೈ ಸಡಿಲ ಬಿಡವ್ವಾ" ಎಂದೆ. ಬಂತು.

ಅವಳು ಆಡಿದಳು. ನಾನು ಆಟ ನೋಡಲಿಲ್ಲ. ಪ್ರತಿ ಸೀಟಿಗೂ ಬೆಚ್ಚಿ, ಮಡಿಲಲ್ಲಿದ್ದ ಬಳೆಗಳು ಇಡಿಯಾಗಿವೆಯೇ ಎಂದು ಮುಟ್ಟಿ ನೋಡುತ್ತ ಕುಳಿತಿದ್ದೆ.