ಕರಡಿಗೊಂದು ಕೆಮ್ಮು

ನಮ್ಮಣ್ಣ ಮನೆಗೆ ಬರುವುದು ಮೊದಲು ಕಿವಿಗೆ ಗೊತ್ತಾಗುತ್ತಿತ್ತು. ತಲಬಾಗಿಲ ಹೊರಗೆ ನಿಂತು, ಅಡುಗೆಮನೆಯ ತಟ್ಟೆಗಳು ನಡುಗುವಂತೆ ಕೆಮ್ಮಿ, ಹೆಣ್ಣುಮಕ್ಕಳಿಗೆ ಸೆರಗು ಸರಿಮಾಡಿಕೊಳ್ಳುವಷ್ಟು ವೇಳೆ ಕೊಟ್ಟು, ಆಮೇಲೆ ಚಪ್ಪಲಿ ಬಿಡುತ್ತಿದ್ದ. ಉಮರ್ಗಾದ ಶಾಲೆಯಲ್ಲಿ ಪಾಠ ಹೇಳುವ ನನಗೆ ಆ ಕೆಮ್ಮಿನಿಂದ ನೆರೆಯವರ ಎದುರು ನಾಚಿಕೆಯಾಗುತ್ತಿತ್ತು.

ಹೋದ ತಿಂಗಳೆಲ್ಲ ನಾನು ಬಂದೂಕು ಹುಡುಕುತ್ತಿದ್ದೆ ಎಂದರೆ ನೀವು ನಕ್ಕೀರಿ. ಒಂದು ನಳಿಗೆಯದೋ, ಜೋಡು ನಳಿಗೆಯದೋ, ಕರಡಿಗೆ ಯಾವುದು ತಕ್ಕದ್ದು ಎಂದು ಫೋನಿನಲ್ಲಿ ನೋಡುತ್ತ ಸಾರು ಸೀಯಿಸಿದ್ದೇನೆ. ಕಾರಣ ಅಣ್ಣನ ಎಡತೋಳು. ಪ್ರತಿವರ್ಷ ಕುರಿ ಹೊಡೆದುಕೊಂಡು ತೆಲಂಗಾಣದ ಗುಡ್ಡಗಳಿಗೆ ಹೋಗುವ ಅವನ ತೋಳನ್ನು, ಹೋದ ಸಲ ಬಾರಿಹಣ್ಣಿನ ಪೊದೆಯ ಹತ್ತಿರ ಕರಡಿ ಹರಿದುಹಾಕಿತು. ತೋಳು ಉಳಿಯಿತು, ಬೆರಳು ಮಾತ್ರ ಮೊದಲಿನಂತೆ ಮಡಚಲು ಬರುವುದಿಲ್ಲ. ಮತ್ತೆ ಹೊರಡುವ ದಿನ ಬಂದಿತ್ತು, ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಕೊನೆಗೆ ಜಳಕೋಟಕ್ಕೆ ಹೋದೆ. ಅಪ್ಪನ ಗೆಳೆಯ ಶಿವಲಿಂಗಪ್ಪ ಕಾಕಾನ ಹತ್ತಿರ ಹೊಲ ಕಾಯುವ ಲೈಸೆನ್ಸಿನ ಬಂದೂಕಿದೆ. ಬಂದೂಕು ಬೇಕೆಂದಾಗ ವಿಭೂತಿಯ ಹಣೆ ಎತ್ತಿ ಮೊದಲು ಒಂದು ಮಾತು ಕೇಳಿದರು: "ಕರಡಿ ಎಷ್ಟ ದೂರ ಇತ್ತವ್ವಾ?"

"ಎರಡ ಮಾರು ಅಂತರೀ ಕಾಕಾ."

"ಹಂಗಾದ್ರ ಯಾವ ಬಂದೂಕ ತಂದ್ರೂ ಅಷ್ಟೇ. ಹೆಗಲಿಗೆ ಏರಸೋದ್ರಾಗ ಅದು ಮೈಮ್ಯಾಲ ಇರತದ. ಕರಡಿ ಸಪ್ಪಳ ಕೇಳಿದ್ರ ತಾನೇ ಸರೀತದ. ನಿಮ್ಮಣ್ಣ ದಾರಿತುಂಬ ಕೂಗ್ಕೋತ ಹೋಗಾಂವ. ಅವತ್ತ ಯಾಕ ಸುಮ್ನಿದ್ದ?"

ಅವನನ್ನು ಸುಮ್ಮನಾಗಿಸಿದವಳು ನಾನೇ. ಅವನ ಗಂಟಲಿನ ಗಂಟು ತೆಗೆಸಿದ ಮೇಲೆ ದೊಡ್ಡ ದನಿ ಎತ್ತಕೂಡದೆಂದು ಡಾಕ್ಟರು ಹೇಳಿದ್ದರು. ಕೇಳದ ಅಣ್ಣನ ಅಂಗೈಗೆ ಬೀರಪ್ಪನ ಭಂಡಾರ ಹಾಕಿ, ಕೂಗುವುದಿಲ್ಲ, ಜೋರಾಗಿ ಕೆಮ್ಮುವುದಿಲ್ಲ ಎಂದು ಆಣೆ ಮಾಡಿಸಿದ್ದೆ. ಭಂಡಾರದ ಅರಿಶಿನ ಮುಟ್ಟಿ ಆಡಿದ ಮಾತನ್ನು ನಮ್ಮವರು ಮುರಿಯುವುದಿಲ್ಲ, ಕಾಡಿನಲ್ಲಿ ಕೇಳುವವರು ಯಾರೂ ಇಲ್ಲದಾಗಲೂ. ಕೆಮ್ಮೂ ಇಲ್ಲದೆ, ಕೂಗೂ ಇಲ್ಲದೆ, ತಂಗಿಗೆ ಕೊಟ್ಟ ಮಾತು ಉಳಿಸಿಕೊಂಡು ಅವನು ಕುರಿಗಳನ್ನು ಹಿಂದೆ ಬಿಟ್ಟು ಒಬ್ಬನೇ ಆ ಪೊದೆಯ ಹತ್ತಿರ ಹೋಗಿದ್ದ.

ಬಸ್ಸಿನಲ್ಲಿ ಮರಳುವಾಗ ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ಬಂದೂಕು ಹಿಡಿದವನು ಸದ್ದಡಗಿಸಿ ನಡೆಯುತ್ತಾನೆ. ಬರಿಗೈಯವನು ಬರುತ್ತಿದ್ದೇನೆಂದು ಸಾರುತ್ತ ನಡೆಯುತ್ತಾನೆ. ನಾನು ಒರಟುತನವೆಂದು ಹಳಿದದ್ದು ಮನೆಯ ಹೆಂಗಸರಿಗೂ ಕಾಡಿನ ಕರಡಿಗೂ ಅವನು ಸಮನಾಗಿ ತೋರುತ್ತಿದ್ದ ಮರ್ಯಾದೆಯಾಗಿತ್ತು. ನನಗೆ ಅಳು ಬಂತು.

ಮನೆಗೆ ಹೋಗದೆ ಅಣ್ಣನ ಊರು ತುರೋರಿಯಲ್ಲಿ ಇಳಿದು, ಅವನ ಹಟ್ಟಿಗೆ ಹೋಗಿ, ಮುಂದಾಳು ಟಗರಿನ ಕೊರಳಗಂಟೆ ಬಿಚ್ಚಿ ಅವನ ಕೋಲಿಗೆ ಕಟ್ಟಿದೆ. ಅವನು ಪಿಸುದನಿಯಲ್ಲಿ, "ನನ್ನೂ ಕುರಿ ಮಾಡಿದಿ ಏನ ತಂಗಿ?" ಎಂದು ನಕ್ಕ.

"ಆಣಿ ಗಂಟಲಿಗಿ ಹಾಕೇನಿ ಅಣ್ಣಾ, ಕೋಲಿಗಲ್ಲ," ಅಂದೆ. ಅವನು ಕೋಲು ಕುಟ್ಟಿ ನೋಡಿದ. ಬೇಡ ಅನ್ನಲಿಲ್ಲ.

ಅವನು ಹೊರಟು ಎಂಟು ದಿನವಾಯಿತು. ಗುಡ್ಡದಲ್ಲಿ ಫೋನು ಹತ್ತುವುದಿಲ್ಲ. ಗಂಟೆ ಸಾಕಾಯಿತೋ ಇಲ್ಲವೋ ತಿಳಿಯುವ ದಾರಿಯಿಲ್ಲ. ಸಂಜೆ ಶಾಲೆಯಿಂದ ಬಂದು ಬಾಗಿಲ ಬೀಗಕ್ಕೆ ಕೈ ಹಾಕುವ ಮೊದಲು, ನೆರೆಯವರು ಇಣುಕಿ ನೋಡಿದರೂ ಸರಿ, ಒಳಗಿನ ತಟ್ಟೆಗಳು ನಡುಗುವಂತೆ ಅವನ ಪರವಾಗಿ ಒಂದು ಸಲ ಕೆಮ್ಮುತ್ತೇನೆ.